‘ಅನ್‌ಸ್ಕಿಲ್ಡ್’ ಅಂದರೆ ಯಾರು?

ಇಂಗ್ಲಿಷಿನ ಒಂದು ಗುಣವಾಚಕ ನಮ್ಮ ಜನರ ಬದುಕಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ನಿಘಂಟು ಬೇಕಿಲ್ಲ. ಯಾವ ಕಂತ್ರಾಟುದಾರನ ಹಾಜರಿ ಪುಸ್ತಕ ತೆರೆದರೂ ಸಾಕು. ಹೆಸರಿನ ಪಕ್ಕದ ಕಾಲಮ್ಮಿನಲ್ಲಿ ‘ಸ್ಕಿಲ್ಡ್’, ‘ಸೆಮಿ ಸ್ಕಿಲ್ಡ್’, ‘ಅನ್‌ಸ್ಕಿಲ್ಡ್’ ಅಂತ ಬರೆದಿರುತ್ತದೆ. ಮೊದಲನೆಯವನಿಗೆ ಇಷ್ಟು ಕೂಲಿ, ಕೊನೆಯವಳಿಗೆ ಅಷ್ಟು. ಎ, ಬಿ, ಸಿ, ಡಿ ಗೊತ್ತಿಲ್ಲದ ಹಮಾಲನಿಗೂ ಈ ಮಾತು ಗೊತ್ತು. ‘ನಾವು ಅನ್‌ಸ್ಕಿಲ್ಡ್ ರೀ’ ಎಂದು ಅವನೇ ಹೇಳುತ್ತಾನೆ. ಹೇಳುವಾಗ ದನಿ ಸ್ವಲ್ಪ ಇಳಿಯುತ್ತದೆ. ಯಾರೋ ಮಾಡಿದ ತೀರ್ಪನ್ನು ತಾನೇ ಓದಿ ಹೇಳಿದ ಹಾಗೆ.

ಸರ್ಕಾರ ಇದಕ್ಕೆ ಕನ್ನಡ ಮಾಡಿಕೊಂಡಿದೆ: ಕುಶಲ, ಅರೆಕುಶಲ, ಅಕುಶಲ. ೧೯೪೮ರ ಕನಿಷ್ಠ ವೇತನ ಕಾಯ್ದೆಯ ಕೆಳಗೆ ಹೊರಟ ಅಧಿಸೂಚನೆಗಳು ದುಡಿಯುವವರನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದವು. ೨೦೧೯ರ ವೇತನ ಸಂಹಿತೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ನಾಲ್ಕು ಮೆಟ್ಟಿಲುಗಳನ್ನು ಕಾಯ್ದೆಯ ಒಡಲಿಗೇ ತಂದುಕೊಂಡಿತು. ನಾಲ್ಕು ಎಂಬ ಲೆಕ್ಕ ಈ ದೇಶಕ್ಕೆ ಹೊಸದೇನಲ್ಲ, ಬಿಡಿ. ಅದಕ್ಕೂ ಮುಂಚೆ, ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ‘ಅನ್‌ಸ್ಕಿಲ್ಡ್’ ಕೆಲಸಕ್ಕೆ ಅರ್ಥವನ್ನೇ ಬರೆದಿಟ್ಟಿತ್ತು: ಯಾವ ಕೌಶಲವಾಗಲಿ ವಿಶೇಷ ತರಬೇತಿಯಾಗಲಿ ಇಲ್ಲದೆ, ಯಾವ ವಯಸ್ಕರಾದರೂ ಮಾಡಬಹುದಾದ ಮೈದುಡಿಮೆ. ಆ ಕಾಯ್ದೆ ಹಳ್ಳಿಯ ಬಡವರ ಒಲೆ ಉರಿಸಿತು. ಅದನ್ನು ಯಾರೂ ಮರೆಯುವಂತಿಲ್ಲ. ಆದರೆ ಅನ್ನ ಕೊಟ್ಟ ಕೈಯೇ ಒಂದು ಹೆಸರನ್ನೂ ಕೊಟ್ಟಿತಲ್ಲ, ಆ ಹೆಸರು ಸರಿಯೇ ಎಂದು ಕೇಳುವ ಹಕ್ಕು ನಮಗಿದೆ. ಯಾವ ವಯಸ್ಕರಾದರೂ ಮಾಡಬಹುದು ಎನ್ನುವುದು ನಿಜವಾದರೆ ಕೆರೆಯ ಹೂಳು ತೆಗೆಯಲು ತಹಸೀಲ್ದಾರರನ್ನು ಒಂದು ದಿನ ಇಳಿಸಿ ನೋಡೋಣ. ಗುದ್ದಲಿ ಎಲ್ಲಿ ಹಾಕಿದರೆ ಮಣ್ಣು ಹೆಂಟೆಯಾಗಿ ಏಳುತ್ತದೆ, ತುಂಬಿದ ಪುಟ್ಟಿಯನ್ನು ಸೊಂಟಕ್ಕೆ ಪೆಟ್ಟಾಗದಂತೆ ತಲೆಗೆ ಹೇಗೆ ಏರಿಸಬೇಕು, ಬಿಸಿಲು ಏರುವ ಮೊದಲು ಎಷ್ಟು ಕೆಲಸ ಮುಗಿಸಿಕೊಳ್ಳಬೇಕು, ಇದೆಲ್ಲ ಅವರಿಗೆ ಮಧ್ಯಾಹ್ನದೊಳಗೆ ತಿಳಿಯುತ್ತದೆ. ತಿಳಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು. ಬರುವುದಕ್ಕೆ ಎಷ್ಟು ವರ್ಷ ಬೇಕೋ!

೧

ಮಾತಿನ ಮೂಲಕ್ಕೆ ಹೋಗೋಣ. ಇಂಗ್ಲಿಷಿನ ‘ಸ್ಕಿಲ್’ ಮೂಲದಲ್ಲಿ ಇಂಗ್ಲಿಷಿನದಲ್ಲ. ಅದು ಉತ್ತರದ ನಾರ್ಸ್ ಜನರ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಬೇರ್ಪಡಿಸುವುದು, ಇದು ಬೇರೆ ಅದು ಬೇರೆ ಎಂದು ಕಂಡುಹಿಡಿಯುವುದು. ಅಂದರೆ ವಿವೇಚನೆ. ಕೆಲಸ ಬಲ್ಲವನು ಎಂದರೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡಬಲ್ಲ ಕಣ್ಣುಳ್ಳವನು.

ಇನ್ನು ನಮ್ಮ ‘ಕುಶಲ’. ಕಾವ್ಯಮೀಮಾಂಸೆ ಓದಿದ ಮೇಷ್ಟ್ರುಗಳಿಗೆ ಇದು ಗೊತ್ತೇ ಇದೆ. ಮಮ್ಮಟ ಲಕ್ಷಣಾರ್ಥವನ್ನು ವಿವರಿಸುವಾಗ ಇದೇ ಶಬ್ದವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಕುಶ ಎಂದರೆ ದರ್ಭೆ. ಅದರ ಅಂಚು ಚೂಪು. ಕೈ ಕುಯ್ದುಕೊಳ್ಳದೆ ದರ್ಭೆ ಕಿತ್ತು ತರುವವನು ಕುಶಲ. ಯಜ್ಞಕ್ಕೆ ಹುಲ್ಲು ತರುವ ಜಾಣತನ ಬರಬರುತ್ತಾ ಎಲ್ಲ ಜಾಣತನಕ್ಕೂ ಹೆಸರಾಯಿತು ಎಂದು ಪಂಡಿತರು ಹೇಳುತ್ತಾ ಬಂದಿದ್ದಾರೆ.

ಈ ಎರಡು ಅರ್ಥಗಳನ್ನು ಕೈಯಲ್ಲಿ ಹಿಡಿದುಕೊಂಡು ಹರಿಹರ, ದಾವಣಗೆರೆ ಸುತ್ತಿನ ಭದ್ರಾ ನಾಲೆಯ ಗದ್ದೆಗಳಿಗೆ ಬನ್ನಿ. ನಾಟಿ ಮುಗಿದು ಕೆಲವು ದಿನಗಳಾಗಿವೆ. ಕೇರಿಯ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದಾರೆ. ಭತ್ತದ ಪೈರಿನ ನಡುವೆ ಭತ್ತದ ಹಾಗೆಯೇ ಕಾಣುವ ಹುಲ್ಲು ಬೆಳೆಯುತ್ತದೆ. ಎಳೆಯದರಲ್ಲಿ ಎರಡಕ್ಕೂ ಒಂದೇ ಬಣ್ಣ, ಒಂದೇ ನಿಲುವು. ಓದಿದವನನ್ನು ಗದ್ದೆಗೆ ಇಳಿಸಿದರೆ ಪೈರನ್ನೇ ಕಿತ್ತು ದಡಕ್ಕೆ ಎಸೆಯುತ್ತಾನೆ. ಈ ಹೆಂಗಸರ ಕೈ ಮಾತ್ರ ನಿಲ್ಲುವುದಿಲ್ಲ. ಬಾಯಲ್ಲಿ ಪದ ಹೇಳುತ್ತಾ, ಪಕ್ಕದವಳ ಸೊಸೆಯ ಸುದ್ದಿ ಮಾತಾಡುತ್ತಾ, ಹುಲ್ಲು ಯಾವುದು ಪೈರು ಯಾವುದು ಎಂದು ಅವರ ಬೆರಳು ಬೇರೆ ಮಾಡುತ್ತಲೇ ಇರುತ್ತದೆ. ಹುಲ್ಲಿನ ಅಂಚಿಗೆ ಕೈ ಕುಯ್ಯದಂತೆ ಬುಡಕ್ಕೆ ಬೆರಳು ಹಾಕಿ ಎಳೆಯುತ್ತದೆ.

ನಾರ್ಸ್ ಭಾಷೆಯ ಪ್ರಕಾರ ಈಕೆ ‘ಸ್ಕಿಲ್’ ಇರುವವಳು. ಮಮ್ಮಟನ ಪ್ರಕಾರ ಈಕೆ ಅಕ್ಷರಶಃ ಕುಶಲೆ. ಹಾಜರಿ ಪುಸ್ತಕದ ಪ್ರಕಾರ ಮಾತ್ರ ‘ಅನ್‌ಸ್ಕಿಲ್ಡ್’! ಯಜ್ಞಕ್ಕೆ ಹುಲ್ಲು ಕಿತ್ತವನ ಜಾಣತನ ಒಂದು ನುಡಿಯನ್ನೇ ಹುಟ್ಟಿಸಿತು. ಅನ್ನಕ್ಕಾಗಿ ಹುಲ್ಲು ಕಿತ್ತವಳ ಜಾಣತನಕ್ಕೆ ಹೆಸರೇ ಇಲ್ಲ. ಹುಲ್ಲು ಒಂದೇ, ಕೀಳುವ ಕೈ ಬೇರೆ. ಬೇರ್ಪಡಿಸುವ ಕಣ್ಣಿಗೆ ಇದ್ದ ಹೆಸರನ್ನು ಮನುಷ್ಯರನ್ನೇ ಬೇರ್ಪಡಿಸಲು ಬಳಸಿಕೊಂಡಿದ್ದಾರೆ.

ಕನ್ನಡದ ಆಡುಮಾತು ಇಂಥ ಮೋಸ ಮಾಡುವುದಿಲ್ಲ. ನಮ್ಮಲ್ಲಿ ‘ಬಲ್ಲ’ ಎಂಬ ಮಾತಿದೆ. ‘ಅವ ಬಲ್ಲ’ ಎಂದರೆ ಅವನಿಗೆ ತಿಳಿದಿದೆ. ‘ಅವ ಮಾಡಬಲ್ಲ’ ಎಂದರೆ ಅವನಿಂದ ಆಗುತ್ತದೆ. ತಿಳಿವಿಗೂ ಶಕ್ತಿಗೂ ಒಂದೇ ಧಾತು. ಮಾಡಬಲ್ಲವಳು ಬಲ್ಲವಳೇ. ಇಂಗ್ಲಿಷಿನ ‘ಕ್ಯಾನ್’ ಕೂಡ ಹಿಂದೊಮ್ಮೆ ತಿಳಿಯುವುದು ಎಂಬ ಅರ್ಥದಿಂದಲೇ ಹೊರಟದ್ದು. ಜನರ ಭಾಷೆಗಳೆಲ್ಲ ಕೈಯನ್ನೂ ತಲೆಯನ್ನೂ ಒಂದೇ ದೇಹದಲ್ಲಿ ಇಟ್ಟಿದ್ದವು. ಎರಡನ್ನೂ ಕಡಿದು ಬೇರೆ ಮಾಡಿದ್ದು ಭಾಷೆಯಲ್ಲ, ಭಾಷೆಯ ಮೇಲೆ ಕೂತ ವ್ಯವಸ್ಥೆ.

೨

ಸರಿ, ಹಾಗಾದರೆ ‘ಸ್ಕಿಲ್ಡ್’ ಅನ್ನಿಸಿಕೊಳ್ಳುವುದು ಯಾವುದರಿಂದ? ಕೈಯಿಂದಲೋ, ಕಾಗದದಿಂದಲೋ, ಗೇಟಿನಿಂದಲೋ?

ಇದಕ್ಕೆ ಉತ್ತರ ನಮ್ಮ ಊರುಗಳಲ್ಲೇ ಇದೆ. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಲೇತ್ ಯಂತ್ರಗಳಿಗೆ ಹೆಸರಾಯಿತು. ಲೇತ್ ಮುಂದೆ ನಿಂತ ಟರ್ನರನ ಕೆಲಸ ಸಣ್ಣದಲ್ಲ. ಉಕ್ಕು ಸುತ್ತುವಾಗಿನ ಸದ್ದು ಕೇಳಿ ಉಳಿ ಮೊಂಡಾಗಿದೆಯೋ ಎಂದು ಹೇಳಬಲ್ಲ. ಸುರುಳಿಯಾಗಿ ಬೀಳುವ ಚೂರಿನ ಬಣ್ಣ ನೋಡಿ ಎಷ್ಟು ಕಾದಿದೆ ಎಂದು ತಿಳಿಯಬಲ್ಲ. ಕೂದಲೆಳೆಗಿಂತ ಸಣ್ಣ ಅಳತೆ ತಪ್ಪಿದರೂ ಅವನಿಗೆ ಗೊತ್ತಾಗುತ್ತದೆ. ಅವನು ‘ಸ್ಕಿಲ್ಡ್’ ಅನ್ನಿಸಿಕೊಂಡದ್ದು ನ್ಯಾಯವೇ. ಆದರೆ ಹೊಸ ಶತಮಾನದ ಹೊಸ್ತಿಲಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ದಾವಣಗೆರೆಯದೂ ಇದೇ ಕತೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಊರಿಗೆ ಹೆಸರು ತಂದ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಿನ್ನೆ ‘ಸ್ಕಿಲ್ಡ್’ ಆಗಿದ್ದವನು ಇವತ್ತು ಸೆಕ್ಯುರಿಟಿ ಕೆಲಸಕ್ಕೋ ತರಕಾರಿ ಗಾಡಿಗೋ ನಿಂತರೆ ಲೆಕ್ಕದಲ್ಲಿ ಅವನು ‘ಅನ್‌ಸ್ಕಿಲ್ಡ್’. ಅವನ ಕೈ ಒಂದೇ ರಾತ್ರಿಯಲ್ಲಿ ಕಲಿತದ್ದನ್ನೆಲ್ಲ ಮರೆಯಿತೆ? ಇಲ್ಲ. ಗೇಟು ಮುಚ್ಚಿತು, ಅಷ್ಟೆ. ಅಂದ ಮೇಲೆ ಆ ಗುಣವಾಚಕ ಮನುಷ್ಯನ ಗುಣವನ್ನು ಹೇಳುತ್ತಿರಲಿಲ್ಲ. ಮಾಲೀಕನಿಗೆ ಅವನಿಂದ ಎಷ್ಟು ಉಪಯೋಗ ಎಂಬುದನ್ನು ಹೇಳುತ್ತಿತ್ತು.

ಅಮೆರಿಕದ ಹ್ಯಾರಿ ಬ್ರೇವರ್‌ಮನ್ ತಾಮ್ರದ ಕೆಲಸಗಾರನಾಗಿ ದುಡಿದವನು. ಅವನು ೧೯೭೪ರ ತನ್ನ ಪುಸ್ತಕದಲ್ಲಿ ಈ ಮಾತನ್ನು ವಿವರವಾಗಿ ತೋರಿಸಿದ. ಬಂಡವಾಳಶಾಹಿ ಕೆಲಸಗಾರನ ತಿಳಿವನ್ನು ಅವನಿಂದ ಬಿಡಿಸಿಕೊಂಡು ಆಫೀಸಿನ ಕಾಗದಕ್ಕೆ ಏರಿಸುತ್ತದೆ. ಯೋಚನೆ ಮೇಲೆ, ಮೈದುಡಿಮೆ ಕೆಳಗೆ. ಹೀಗೆ ಬರಿದು ಮಾಡಿದ ಮೇಲೆ ‘ನಿನಗೇನೂ ಬರಲ್ಲ’ ಅಂತ ಕೂಲಿ ಇಳಿಸುತ್ತದೆ. ಬ್ರೇವರ್‌ಮನ್ ಹೇಳಿದ್ದು ಕಾರ್ಖಾನೆಯ ಮಾತು. ನಮ್ಮ ದೇಶದಲ್ಲಿ ಕಾರ್ಖಾನೆ ಬರುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ತಲೆ ಒಂದು ಜಾತಿಗೆ, ಕೈಕಾಲು ಇನ್ನೊಂದು ಜಾತಿಗೆ ಎಂದು ಹಂಚಿ ಆಗಿತ್ತು.

ಇನ್ನು ಕಾಗದವೇ ಇಲ್ಲದ ಕೈಗಳನ್ನು ನೋಡಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಹೋದರೆ ಬೆಂಕಿಯ ಮುಂದೆ ಬೆವರು ಸುರಿಸುತ್ತಾ ನಿಂತವರು ಸಿಗುತ್ತಾರೆ. ಅಕ್ಕಿಗೆ ಉಪ್ಪುನೀರಿನ ಹದ, ಬಾಣಲೆಯ ಮರಳಿಗೆ ಕಾವಿನ ಹದ. ಮರಳು ತಣ್ಣಗಿದ್ದರೆ ಅಕ್ಕಿ ಅರಳುವುದಿಲ್ಲ, ಹೆಚ್ಚು ಕಾದರೆ ಸೀದುಹೋಗುತ್ತದೆ. ಆ ಕ್ಷಣ ಯಾವುದು ಎಂದು ಹೇಳುವ ಥರ್ಮಾಮೀಟರು ಅಲ್ಲಿಲ್ಲ. ಕಣ್ಣು, ಕಿವಿ, ಕೈಯೇ ಥರ್ಮಾಮೀಟರು. ‘ಹದ’ ಎಂಬ ಈ ಕನ್ನಡ ಮಾತಿಗೆ ಸಮನಾದ ಕಾಲಮ್ಮು ಯಾವ ಹಾಜರಿ ಪುಸ್ತಕದಲ್ಲಿದೆ? ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಬೆನ್ನಿಗೆ ಏರಿಸುವ ಹಮಾಲ ಯಾವ ಎಲುಬಿನ ಮೇಲೆ ಭಾರ ಕೂರಬೇಕೆಂದು ತಿಳಿಯದಿದ್ದರೆ ಒಂದು ತಿಂಗಳಲ್ಲಿ ಹಾಸಿಗೆ ಹಿಡಿಯುತ್ತಾನೆ. ಅವನನ್ನು ಇಪ್ಪತ್ತು ವರ್ಷ ನಿಲ್ಲಿಸಿದ್ದು ಬರೀ ರಟ್ಟೆಯ ಬಲವಲ್ಲ, ಬಲ್ಲತನ.

೩

ಕೇರಿಯ ವಿಷಯಕ್ಕೆ ಬಂದಾಗ ಇನ್ನೊಂದು ಚಮತ್ಕಾರ ನಡೆಯುತ್ತದೆ. ಮಾದಿಗರ ಹುಡುಗ ಚಪ್ಪಲಿ ಹೊಲಿದರೆ ‘ಅದು ಅವರಿಗೆ ಹುಟ್ಟಿನಿಂದಲೇ ಬರುತ್ತದೆ’ ಎನ್ನುತ್ತಾರೆ. ಹೊಗಳಿಕೆಯ ಹಾಗೆ ಕೇಳಿಸುವ ಈ ಮಾತಿನಲ್ಲಿ ದೊಡ್ಡ ಕಳ್ಳತನವಿದೆ. ಹುಟ್ಟಿನಿಂದ ಬಂದದ್ದಾದರೆ ಕಲಿತದ್ದಲ್ಲ. ಕಲಿತದ್ದಲ್ಲವಾದರೆ ಅದಕ್ಕೆ ಬೆಲೆ ಕಟ್ಟಬೇಕಿಲ್ಲ. ಹೆಂಗಸರ ಅಡಿಗೆ, ಬಾಣಂತನ, ಕೂಸು ಸಾಕಣೆಯ ವಿಷಯದಲ್ಲೂ ಇದೇ ವಾದ. ಮನೆಯಲ್ಲಿ ಅವ್ವನ ಪಕ್ಕ ಕೂತು ಹತ್ತು ವರ್ಷ ಕಲಿತರೆ ಅದು ‘ಸ್ವಭಾವ’. ಶಾಲೆಯಲ್ಲಿ ಆರು ತಿಂಗಳು ಕೂತು ಕಲಿತರೆ ಅದು ‘ಸ್ಕಿಲ್’!

ತೊಗಲು ಹದ ಮಾಡುವುದನ್ನು ಯಾರೂ ಹುಟ್ಟಿನಿಂದ ಕಲಿಯುವುದಿಲ್ಲ. ಸುಣ್ಣದ ನೀರಿನಲ್ಲಿ ಎಷ್ಟು ದಿನ ನೆನೆಹಾಕಿದರೆ ಕೂದಲು ಬಿಡುತ್ತದೆ, ತಂಗಡಿ ಚಕ್ಕೆಯ ಒಗರು ಎಷ್ಟಾದರೆ ತೊಗಲು ಕೊಳೆಯದೆ ಮೆತ್ತಗೆ ಗಟ್ಟಿಯಾಗಿ ಉಳಿಯುತ್ತದೆ, ಮಳೆಗಾಲಕ್ಕೆ ಎಷ್ಟು ಬೇಸಿಗೆಗೆ ಎಷ್ಟು, ಇದೆಲ್ಲ ರಸಾಯನಶಾಸ್ತ್ರ. ೧೯೪೮ರಲ್ಲಿ ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಆಯಿತು. ತೊಗಲಿಗೆ ಪ್ರಯೋಗಾಲಯ ಬಂತು, ಪದವಿ ಬಂತು, ಬಿಳಿ ಕೋಟು ಬಂತು. ಒಳ್ಳೆಯದೇ. ಆದರೆ ಅದೇ ತೊಗಲು ಕೇರಿಯಲ್ಲಿದ್ದಾಗ ಹೊಲಸು, ಪ್ರಯೋಗಾಲಯಕ್ಕೆ ಹೋದಾಗ ಟೆಕ್ನಾಲಜಿ ಆದದ್ದು ಹೇಗೆ? ವಾಸನೆ ಬದಲಾಗಲಿಲ್ಲ. ಮುಟ್ಟುವವರ ಸ್ಥಾನ ಬದಲಾಯಿತು.

ಬಾಬಾಸಾಹೇಬರು ೧೯೩೬ರಲ್ಲೇ ಇದರ ಗಂಟು ಬಿಚ್ಚಿದ್ದರು. ಜಾತಿ ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳು ಎಂದು ಪಾಲು ಮಾಡಿತು ಎಂದರು. ಒಬ್ಬನಿಗೆ ಏನು ಬರುತ್ತದೆ, ಏನು ಇಷ್ಟ ಎಂದು ಕೇಳದೆ, ಅವನು ಹುಟ್ಟುವ ಮುಂಚೆಯೇ ಅವನ ಕೆಲಸ ಗೊತ್ತು ಮಾಡುವ ವ್ಯವಸ್ಥೆ ಇದು. ‘ಅನ್‌ಸ್ಕಿಲ್ಡ್’ ಎಂಬ ಮಾತು ಆ ಹಳೆಯ ಪಾಲುಪಟ್ಟಿಗೆ ಇಂಗ್ಲಿಷಿನಲ್ಲಿ ಹಾಕಿದ ಮೊಹರು.

ಮೇಲಿನ ಮೆಟ್ಟಿಲಿಗೆ ಹೋದರೂ ಈ ಜಾತಿಯ ಗುಣವಾಚಕ ಬೆನ್ನು ಬಿಡುವುದಿಲ್ಲ. ಅಲ್ಲಿ ಅದರ ಹೆಸರು ‘ಎಫಿಷಿಯೆಂಟ್’, ಕನ್ನಡದಲ್ಲಿ ‘ದಕ್ಷ’. ಸಂವಿಧಾನದ ೩೩೫ನೇ ವಿಧಿಯಲ್ಲಿ ಆಡಳಿತದ ದಕ್ಷತೆ ಎಂಬ ಮಾತಿದೆ. ಪರಿಶಿಷ್ಟರಿಗೆ ಬಡ್ತಿ ಎಂದ ಕೂಡಲೇ ಆ ಮಾತನ್ನು ಗುರಾಣಿಯ ಹಾಗೆ ಎತ್ತಿ ಹಿಡಿಯುತ್ತಾರೆ. ನಮ್ಮ ರಾಜ್ಯದ ಬಡ್ತಿ ಜ್ಯೇಷ್ಠತೆಯ ವಿಷಯದಲ್ಲೇ, ಬಿ.ಕೆ. ಪವಿತ್ರ ಪ್ರಕರಣದಲ್ಲಿ, ೨೦೧೯ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ೨೦೧೮ರ ಕರ್ನಾಟಕ ಕಾಯ್ದೆಯನ್ನು ಎತ್ತಿಹಿಡಿಯಿತು. ಪರೀಕ್ಷೆಯ ಅಂಕವೊಂದೇ ಅರ್ಹತೆಯಲ್ಲ, ಸಮಾಜದ ಎಲ್ಲರನ್ನೂ ಒಳಗೊಳ್ಳುವ ಆಡಳಿತವೇ ದಕ್ಷ ಆಡಳಿತ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಪುರಾಣದ ದಕ್ಷನ ಕತೆಯನ್ನು ಹಳ್ಳಿಯ ವೀರಗಾಸೆಯವರು ನಮಗೆ ಹೇಳುತ್ತಲೇ ಬಂದಿದ್ದಾರಲ್ಲ. ಸುಡುಗಾಡಿನಲ್ಲಿ ಇರುವವನಿಗೆ ಕರೆ ಕಳಿಸದೆ ಯಜ್ಞ ಮಾಡಿದವನು ದಕ್ಷ. ಆ ಯಜ್ಞ ಏನಾಯಿತು ಎಂಬುದೂ ಎಲ್ಲರಿಗೂ ಗೊತ್ತು.

೪

ಇಲ್ಲಿ ಒಬ್ಬ ಗೆಳೆಯ ಎದ್ದು ಕೇಳಬಹುದು: ‘ಅಲ್ರೀ, ಹಂಗಾರೆ ಆಪರೇಶನ್ ಮಾಡೋ ಡಾಕ್ಟರಿಗೂ ಬುಟ್ಟಿ ಹೊರೋರಿಗೂ ವ್ಯತ್ಯಾಸವೇ ಇಲ್ವಾ?’ ಇದೆ. ಕಲಿಯಲು ಹಿಡಿಯುವ ಕಾಲ ಬೇರೆ, ತಪ್ಪಿದರೆ ಆಗುವ ಅನಾಹುತ ಬೇರೆ. ಆ ವ್ಯತ್ಯಾಸಗಳನ್ನು ಲೆಕ್ಕ ಹಾಕಲಿ, ಬೇಡ ಅನ್ನುವುದಿಲ್ಲ. ಹಾಗೆ ಲೆಕ್ಕ ಹಾಕುವಾಗ ಮೈಗೆ ಆಗುವ ಗಾಯವನ್ನೂ, ಸವೆದುಹೋಗುವ ಆಯುಷ್ಯವನ್ನೂ, ಆ ಕೆಲಸ ನಿಂತರೆ ಊರಿಗೆ ಆಗುವ ನಷ್ಟವನ್ನೂ ಹಾಕಲಿ. ೨೦೨೨ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಕಾಯಂ ನೌಕರಿ ಕೇಳಿ ಪೊರಕೆ ಕೆಳಗಿಟ್ಟರು. ಕೆಲವೇ ದಿನಗಳಲ್ಲಿ ಸರ್ಕಾರ ಮಾತುಕತೆಗೆ ಬಂತು. ಯಾರು ಬೇಕಾದರೂ ಮಾಡಬಹುದಾದ ಕೆಲಸವಾಗಿದ್ದರೆ ಯಾರು ಬೇಕಾದರೂ ಬಂದು ಮಾಡಬಹುದಿತ್ತಲ್ಲ! ಬರಲಿಲ್ಲ. ಯಾಕೆಂದರೆ ‘ಯಾರು ಬೇಕಾದರೂ’ ಎಂಬ ಮಾತಿಗೆ ಈ ದೇಶದಲ್ಲಿ ‘ಇಂಥ ಜಾತಿಯವರು ಮಾತ್ರ’ ಎಂದು ಅರ್ಥ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಅದನ್ನು ನಮ್ಮವರೇ ಕೇಳಬೇಕು, ಕೇಳಿದ್ದಾರೆ. ಎಲ್ಲ ಕೆಲಸಕ್ಕೂ ಕೌಶಲವಿದೆ ಎಂದು ಹಾಡಿ ಹೊಗಳಿದರೆ ಮಲದ ಗುಂಡಿಗೆ ಇಳಿಯುವುದನ್ನೂ ಹೊಗಳಿದಂತಾಗುವುದಿಲ್ಲವೆ? ಕುಲಕಸುಬನ್ನು ಕಲೆಯೆಂದು ಕರೆದು ಮಗನನ್ನೂ ಅದೇ ಗುಂಡಿಗೆ ಇಳಿಸುವ ಹುನ್ನಾರ ಇದಾಗುವುದಿಲ್ಲವೆ? ಈ ಭಯ ಸುಳ್ಳಲ್ಲ. ಹನ್ನೆರಡನೇ ಶತಮಾನದ ಶರಣರು ಕಾಯಕ ಎಂಬ ದೊಡ್ಡ ಮಾತು ಕೊಟ್ಟರು, ಎಲ್ಲ ಕೆಲಸಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಮುಂದೆ ಆ ಮಾತನ್ನೇ ‘ನಿನ್ನ ಕಾಯಕ ನೀನು ಮಾಡಿಕೊಂಡಿರು’ ಎಂಬ ಅಪ್ಪಣೆಯಾಗಿ ತಿರುಗಿಸಿದವರೂ ಇದ್ದಾರೆ. ಗೌರವದ ಮಾತೇ ಬೇಲಿಯಾಗುವುದು ಹೀಗೆ.

೧೯೭೦ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದಾಗ ಆ ಕೆಲಸಕ್ಕೆ ಗೌರವ ಕೊಡಿ ಎನ್ನಲಿಲ್ಲ. ಆ ಕೆಲಸವೇ ಬೇಡ ಎಂದರು. ೧೯೯೩ರಲ್ಲಿ ದೇಶಕ್ಕೆ ಒಂದು ಕಾಯ್ದೆ ಬಂತು, ೨೦೧೩ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಗುಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಎಂದು ೨೦೧೪ರಲ್ಲಿ ಹೇಳಿದ ಸುಪ್ರೀಂ ಕೋರ್ಟು ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಏರಿಸಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ೨೦೧೩ರ ಕಾಯ್ದೆಯಲ್ಲಿ ಒಂದು ಸಾಲು ಇದೆ: ಈ ಕೆಲಸದಿಂದ ಬಿಡುಗಡೆಯಾದವರಿಗೆ ಜೀವನೋಪಾಯದ ‘ಸ್ಕಿಲ್’ ಕಲಿಸಬೇಕು, ಕಲಿಯುವಾಗ ತಿಂಗಳಿಗೆ ಮೂರು ಸಾವಿರಕ್ಕೆ ಕಡಿಮೆಯಿಲ್ಲದ ಭತ್ಯೆ ಕೊಡಬೇಕು. ಉದ್ದೇಶ ಒಳ್ಳೆಯದು. ಆದರೆ ಗುಂಡಿಯ ಗಾಳಿಯಲ್ಲಿ ಸಾವು ಇದೆಯೋ ಇಲ್ಲವೋ ಎಂದು ಮೂಗಿನಿಂದಲೇ ಅಳೆದು ಬದುಕಿ ಬಂದವನಿಗೆ ಏನೂ ಬರುವುದಿಲ್ಲ, ಈಗ ಕಲಿಸಬೇಕು ಎಂಬ ದನಿಯೂ ಅದರಲ್ಲಿದೆ.

ಹಾಗಾದರೆ ನಾವು ಏನನ್ನು ಕೇಳಬೇಕು? ಎರಡನ್ನೂ ಕೇಳಬೇಕು, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ. ನಮ್ಮ ಅವ್ವ ಅಪ್ಪ ಬಲ್ಲವರು, ಅವರ ಬಲ್ಲತನಕ್ಕೆ ಕೂಲಿ ಬಾಕಿಯಿದೆ. ಇದು ಮೊದಲನೆಯದು. ನಾವು ಬಲ್ಲ ಕೆಲಸವನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ಹಕ್ಕು ನಮ್ಮದು. ಇದು ಎರಡನೆಯದು. ಮೊದಲನೆಯದನ್ನು ಮಾತ್ರ ಹಿಡಿದರೆ ಕುಲಕಸುಬಿನ ಬೇಲಿಯೊಳಗೆ ಉಳಿಯುತ್ತೇವೆ. ಎರಡನೆಯದನ್ನು ಮಾತ್ರ ಹಿಡಿದರೆ ಓದಿದ ಮಗ ತನ್ನ ಅವ್ವನನ್ನು ‘ಏನೂ ಬಾರದವಳು’ ಎಂದು ಕಂಡು ನಾಚಿಕೊಳ್ಳುತ್ತಾನೆ. ಹಾಗೆ ನಾಚಿಕೊಂಡವನಿಂದ ಕೇರಿಗೆ ಏನೂ ದಕ್ಕುವುದಿಲ್ಲ. ೧೯೩೮ರಲ್ಲಿ ಇದೇ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾದರು, ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕೇರಿಯಿಂದ ಕಾಲೇಜಿಗೆ ಹೋದವರು ಕೇರಿಗೆ ಬೆನ್ನು ಹಾಕಲಿಲ್ಲ. ಬಿಡುವ ಹಕ್ಕು, ಮರೆಯದ ಋಣ, ಎರಡೂ ಒಬ್ಬ ಮನುಷ್ಯನಲ್ಲಿ ಕೂಡಿ ಇರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

೫

ಈ ಬರಹ ಓದುವವರಲ್ಲಿ ಹಳ್ಳಿಯ ಮೇಷ್ಟ್ರುಗಳಿದ್ದೀರಿ. ನಿಮ್ಮ ಕೈಯಲ್ಲಿ ದಾಖಲಾತಿ ಪುಸ್ತಕವಿದೆ. ಜೂನ್ ತಿಂಗಳಲ್ಲಿ ಮಗುವಿನ ಕೈ ಹಿಡಿದುಕೊಂಡು ತಾಯಿ ಬರುತ್ತಾಳೆ. ‘ಏನ್ ಕೆಲ್ಸ ಮಾಡ್ತೀಯವ್ವಾ?’ ಅಂತ ನೀವು ಕೇಳುತ್ತೀರಿ. ‘ಏನಿಲ್ರೀ ಸರ, ಕೂಲಿ’ ಅನ್ನುತ್ತಾಳೆ. ನೀವು ‘ಕೂಲಿ’ ಎಂದು ಬರೆದುಕೊಳ್ಳುತ್ತೀರಿ. ಕೂಲಿ ಎಂದರೆ ಸಂಬಳದ ಹೆಸರು, ಕೆಲಸದ ಹೆಸರಲ್ಲ. ಡಾಕ್ಟರ ಮಗುವಿನ ಮುಂದೆ ‘ಫೀಸು’ ಅಂತ ಯಾರೂ ಬರೆಯುವುದಿಲ್ಲ. ಒಂದು ನಿಮಿಷ ಹೆಚ್ಚಿಗೆ ತೆಗೆದುಕೊಂಡು ಇನ್ನೊಂದು ಮಾತು ಕೇಳಿ: ‘ಏನೇನು ಬರ್ತದವ್ವಾ ನಿಂಗೆ?’ ನಾಟಿ, ಕಳೆ, ಕುಯ್ಲು, ರಾಶಿ, ಕೇರುವುದು, ಗೋಡೆ ಮೆತ್ತುವುದು ಎಂದು ಅವಳು ಬೆರಳು ಮಡಿಚುತ್ತಾ ಹೋಗುತ್ತಾಳೆ. ಅಷ್ಟನ್ನೂ ಮಗು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ. ಪಾಠ ಅಲ್ಲಿಂದಲೇ ಶುರುವಾಗಲಿ.

ಸಂಘಟನೆಯ ಗೆಳೆಯರಿಗೂ ಒಂದು ಮಾತು. ಕೂಲಿ ದರದ ಮಾತುಕತೆಗೆ ಕೂತಾಗ ‘ಅನ್‌ಸ್ಕಿಲ್ಡ್‌ನವರಿಗೆ ಇಷ್ಟು ಏರಿಸಿ’ ಎಂದು ಅವರ ಶಬ್ದದಲ್ಲೇ ಕೇಳಬೇಡಿ. ಆ ಶಬ್ದ ಒಪ್ಪಿಕೊಂಡು ಕೂತರೆ ಅರ್ಧ ಅಲ್ಲೇ ಸೋತಂತೆ. ಮಂಡಕ್ಕಿ ಹುರಿಯುವವರಿಗೆ, ಚೀಲ ಹೊರುವವರಿಗೆ, ಕಳೆ ಕೀಳುವವರಿಗೆ, ಬೀದಿ ಗುಡಿಸುವವರಿಗೆ ಎಂದು ಕೆಲಸದ ಹೆಸರು ಹಿಡಿದು ಕೇಳಿ. ಆ ಕೆಲಸದಲ್ಲಿ ಏನು ತಿಳಿದಿರಬೇಕು, ಏನು ಅಪಾಯ, ಎಷ್ಟು ವರ್ಷಕ್ಕೆ ಮೈ ಸವೆಯುತ್ತದೆ ಎಂದು ಅವರ ಬಾಯಿಂದಲೇ ಹೇಳಿಸಿ, ಬರೆದುಕೊಂಡು ಮೇಜಿನ ಮೇಲೆ ಇಡಿ. ಆ ಕಾಗದ ಓದಿ ಮುಗಿಸಿದ ಮೇಲೂ ಅಧಿಕಾರಿ ‘ಅನ್‌ಸ್ಕಿಲ್ಡ್’ ಎಂದೇ ಬರೆಯುತ್ತೇನೆ ಎಂದರೆ ಬರೆಯಲಿ. ಆಗ ಅವನನ್ನು ಗದ್ದೆಗೆ ಕರೆಯಿರಿ. ಹುಲ್ಲು ಯಾವುದು, ಪೈರು ಯಾವುದು ಎಂದು ತೋರಿಸು ಎನ್ನಿ.